ನೀಲಿ ಮೊಟ್ಟೆಯ ಕಾವು

ಕೋಳಿಗಳು ಕಾವು ಕೂರುವುದನ್ನೇ ಮರೆತ ಮೇಲೆ, ಊರಿನ ಹೆಂಗಸರು ಮೊಟ್ಟೆಗಳನ್ನು ಹೊಟ್ಟೆಗೆ ಕಟ್ಟಿಕೊಂಡು ಮರಿ ಮಾಡಿಸುತ್ತಿದ್ದರು. ಜ್ವರ ಬಂದವರಿಗಂತೂ ಎಲ್ಲಿಲ್ಲದ ಬೇಡಿಕೆ. ಮುದುಕಿ ಚಿಕ್ಕತಾಯಮ್ಮ ಕಟ್ಟಿಕೊಂಡಿದ್ದು ನೀಲಿ ಮೊಟ್ಟೆಯ ತಳಿಯಲ್ಲಿ ಉಳಿದ ಕಡೆಯದು. ಅದನ್ನಿಟ್ಟ ಕೋಳಿ ಸತ್ತುಹೋಗಿತ್ತು.

ಸೊಸೆ ಶಿವನಂಜಿ ಮೊಟ್ಟೆಯನ್ನು ಬೆಳಕಿಂಡಿಗೆ ಹಿಡಿದು ನೋಡಿದಳು.

"ಒಳಗೆ ಬರೀ ನೀರು ಕಣತ್ತೆ. ಬೈಯೋ ಬಾಯಲ್ಲಿರೋ ಬಿಸಿ ನಿಮ್ಮ ಹೊಟ್ಟೇಲಿ ಇಲ್ವಲ್ಲ."

"ಕಾವು ಕೂರೋ ಕೋಳಿ ನಮ್ಮನೇಲೂ ಇದ್ದೋ ಕಣೇ. ಕೂತ್ರೆ ಮೊಟ್ಟೆ ಇಡಾಕಿಲ್ಲ ಅಂತ ಅವನ್ನೇ ಮೊದ್ಲು ಕುಯ್ದು ಸಾರು ಮಾಡ್ದೋ. ಬಣ್ಣ ಇರೋವು, ದಪ್ಪಗಿರೋವು, ಅವನ್ನ ಉಳಿಸ್ಕಂಡೋ."

"ಇದ್ನ ಎಸೆದ್ಬಿಡ್ಲಾ?"

"ಕೊಡಿಲ್ಲಿ. ಬಣ್ಣ ಹಂಗೇ ಅದೆ," ಎಂದು ಚಿಕ್ಕತಾಯಮ್ಮ ಸತ್ತ ಮೊಟ್ಟೆಯನ್ನು ಮತ್ತೆ ಹೊಟ್ಟೆಗೆ ಕಟ್ಟಿಕೊಂಡಳು.