ಕೆಂಗರಿ ಹುಂಜದ ಕುಲಗೋತ್ರ

ಎರಡು ಹುಂಜಗಳೂ ಜಗಳವಾಡಲಿಲ್ಲ. ಅನುಮಾನ ಶುರುವಾದದ್ದೇ ಅಲ್ಲಿಂದ.

ಹೊನ್ನಾವರದ ಕೋಳಿ ಪ್ರದರ್ಶನದ ಶಾಮಿಯಾನದೊಳಗೆ ತೂಕಕ್ಕೆಂದು ಪಂಜರದಿಂದ ಬಿಟ್ಟ ಕೂಡಲೇ ಕುಮಟಾ ಹತ್ತಿರದ ಬಾಡ ಊರಿನ ಕಮಲಾಕರನ ಹುಂಜ, ಭಟ್ಕಳದ ಶ್ರೀಕೃಷ್ಣನ ಹುಂಜದ ಪಕ್ಕಕ್ಕೆ ಹೋಗಿ ಅದರ ಕುತ್ತಿಗೆಯ ಹೇನು ಹೆಕ್ಕತೊಡಗಿತು. ಆಮೇಲೆ ಎರಡೂ ಕೂಗಿದವು. ಎರಡರ ಕೂಗೂ ಕೊನೆಯಲ್ಲಿ ಒಂದೇ ಥರ ಒಡೆಯಿತು.

ತೀರ್ಪುಗಾರ ಸುದರ್ಶನ ಹೆಗಡೆಯವರು ಕನ್ನಡಕ ಒರೆಸಿಕೊಂಡರು. ಜನ್ಮದಲ್ಲಿ ಕೋಳಿ ತಿಂದವರಲ್ಲವಾದ್ದರಿಂದ ಅವರಿಗೆ ಪಕ್ಷಪಾತ ಇರಲಾರದೆಂದು ಕೋಳಿ ಸಾಕುವವರ ಎರಡೂ ಸಂಘಗಳು ಒಪ್ಪಿ ಕರೆಸಿದ್ದವು.

"ಅಣ್ಣ ತಮ್ಮ ಇದ್ದಾಂಗೆ ಇದ್ದು," ಎಂದು ಅವರು ತಮ್ಮಷ್ಟಕ್ಕೇ ಅಂದುಕೊಂಡರು. ಮೈಕು ಹತ್ತಿರವೇ ಇತ್ತು.

ಕೆಂಗರಿ ಒಂದೇ ತಳಿ, ಆದರೆ ಅದಕ್ಕೆ ಎರಡು ಪಂಥ. ಕುಮಟಾ ಸಂಘದ ಪ್ರಕಾರ ಶುದ್ಧ ಕೆಂಗರಿಯ ಜುಟ್ಟು ಗರಗಸದ ಹಾಗೆ ನೆಟ್ಟಗಿರಬೇಕು, ಕಾಲು ಹಳದಿಯಿರಬೇಕು. ಭಟ್ಕಳ ಸಂಘದ ಪ್ರಕಾರ ಜುಟ್ಟು ಚಪ್ಪಟೆ, ಕಾಲು ಕಪ್ಪು. ಒಬ್ಬರ ಚಾಂಪಿಯನ್ ಇನ್ನೊಬ್ಬರ ಕಣ್ಣಿಗೆ ಬರೀ ಮಸಾಲೆಗೆ ಲಾಯಕ್ಕು. 2003ರಲ್ಲಿ ಎರಡೂ ಸಂಘದವರು ಜಗಳ ಸಾಕಾಗಿ ಒಟ್ಟಿಗೆ ಈ ಪ್ರದರ್ಶನ ಇಟ್ಟರು. ಷರತ್ತು ಒಂದೇ: ರಕ್ತ ಬೆರೆತದ್ದು ಕಂಡುಬಂದರೆ ಇಬ್ಬರ ಕೋಳಿಯೂ ಬೆರಕೆ ಎಂದು ಅಲ್ಲೇ ಸಾರುವುದು.

ಸೋತರೆ ಕಮಲಾಕರ ಸಹಿಸಿಯಾನು. ಬೆರಕೆ ಎನ್ನಿಸಿಕೊಂಡರೆ ಬಾಡದಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಊರಿನ ಅಷ್ಟೂ ಕೋಳಿಗಳನ್ನು, ಒಮ್ಮೆ ಸಿಟ್ಟಿನಲ್ಲಿ ಹೆಂಡತಿಯ ತವರಿನವರನ್ನೂ, ಬೆರಕೆ ಎಂದು ಕರೆದವನು ಅವನೇ.

ವರ್ಷಗಟ್ಟಲೆ ಅವನು ಬೇರೆ ಕೆಲಸ ಮಾಡಿರಲಿಲ್ಲ. ಮನೆಯ ಮಾಡು ಸೋರುತ್ತಿತ್ತು, ಕೋಳಿಗೂಡಿಗೆ ಹೊಸ ಹಂಚು. ಕಾವಿಗೆ ಕೂತರೆ ಪುಕ್ಕ ಕೆಡುತ್ತದೆಂದು ತನ್ನ ಹೇಂಟೆಗಳನ್ನು ಕೂರಲು ಬಿಡುತ್ತಿರಲಿಲ್ಲ. ಮೊಟ್ಟೆಗಳನ್ನು ಒಂದೊಂದಾಗಿ ಒರೆಸಿ ಹೊಸ ಫ್ರಿಜ್ಜಿನಲ್ಲಿ ಜೋಪಾನ ಮಾಡಿ, ಪಂಚಾಂಗದಲ್ಲಿ ಒಳ್ಳೆಯ ದಿನ ಬಂದ ಮೇಲೆ ಅಘನಾಶಿನಿಯ ಹೊನ್ನಮ್ಮನಿಗೆ ಪಾಲಿಗೆ ಕೊಡುತ್ತಿದ್ದ. ಪಾಲೆಂದರೆ ಹುಟ್ಟಿದ ಮರಿಗಳಲ್ಲಿ ಕಾವಿಗೆ ಇಟ್ಟವರಿಗೆ ಅರ್ಧ, ಮೊಟ್ಟೆ ಕೊಟ್ಟವರಿಗೆ ಅರ್ಧ. ಹೊನ್ನಮ್ಮನ ಕೈಗುಣ ದೊಡ್ಡದು. ಅವಳಿಗೆ ಕೊಟ್ಟ ಮೊಟ್ಟೆ ಕೆಟ್ಟಿತೆಂಬ ಮಾತೇ ಇರಲಿಲ್ಲ.

ಶ್ರೀಕೃಷ್ಣನೂ ಅದೇ ಕ್ರಮದವನು, ಅದೇ ಹೊನ್ನಮ್ಮನ ಗಿರಾಕಿ ಎಂಬುದು ಕಮಲಾಕರನಿಗೆ ಗೊತ್ತಾದದ್ದು ಇವತ್ತು, ಇಬ್ಬರೂ ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು ಕಳ್ಳ ಎಂದು ಬೈದಾಡುವಾಗ.

ಹೊನ್ನಮ್ಮ ಪ್ರದರ್ಶನ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳನ್ನು ಮುಂದೆ ಕರೆತಂದರು.

"ನನ್ನ ಮೊಟ್ಟೆ, ಇವನ ಮೊಟ್ಟೆ ಒಂದೇ ಹೇಂಟೆ ಅಡಿಗೆ ಇಟ್ಟಿದ್ಯಾ?" ಎಂದು ಕೇಳಿದ ಕಮಲಾಕರ.

"ಯಾವತ್ತೂ ಇಲ್ಲ."

"ಮರಿ ಅದಲು ಬದಲು ಆದದ್ದು?" ಎಂದ ಶ್ರೀಕೃಷ್ಣ.

"ಅವ್ರ ಮರಿ ನಿಮ್ಗೆ, ನಿಮ್ಮ ಮರಿ ಅವ್ರಿಗೆ ನಾ ಒಂದು ದಿನವೂ ಕೊಡ್ಲಿಲ್ಲ."

"ದೇವ್ರ ಮೇಲೆ ಆಣೆ ಮಾಡ್ತ್ಯಾ?"

"ಮಾಡ್ತೆ. ಅದ್ಕೆಂತ?" ಎಂದವಳೇ ಊರ ದೇವಿಯ ಹೆಸರು ಹೇಳಿ ಆಣೆ ಮಾಡಿದಳು. ಹೊನ್ನಮ್ಮ ಸುಳ್ಳಾಣೆ ಮಾಡುವವಳಲ್ಲವೆಂದು ಮೂರೂ ತಾಲೂಕಿಗೆ ಗೊತ್ತಿತ್ತು.

ಹೆಗಡೆಯವರಿಗೆ ಅಷ್ಟು ಸಾಕಾಯಿತು. ಎರಡೂ ಶುದ್ಧ, ಎರಡೂ ಬೇರೆ ಬೇರೆ ವಂಶ, ಎರಡೂ ಲಕ್ಷಣಕ್ಕೆ ಮಾನ್ಯತೆ ಎಂದು ಘೋಷಿಸಿ, ಇಬ್ಬರಿಗೂ ಬಹುಮಾನದ ಒಂದೊಂದು ಕಪ್ ಕೊಟ್ಟು, ಊಟಕ್ಕೆ ಹೊತ್ತಾಯಿತೆಂದು ಹೊರಟರು. ಕಮಲಾಕರ ಅತ್ತೇಬಿಟ್ಟ. ಶ್ರೀಕೃಷ್ಣನನ್ನು ಅಪ್ಪಿಕೊಂಡು, ನಿನ್ನ ವಂಶವೂ ದೊಡ್ಡದೇ ಮಾರಾಯ ಎಂದ.

ಋಣ ತೀರಿಸುವವನಂತೆ ಅವನು ಹೊನ್ನಮ್ಮನನ್ನು ಬಸ್‌ಸ್ಟ್ಯಾಂಡಿನವರೆಗೆ ಕರೆದೊಯ್ದು, ಸೋಡಾ ಕೊಡಿಸಿ, ನೆರಳಿನಲ್ಲಿ ಕೂರಿಸಿದ. ಗೆದ್ದ ಕಪ್ ಕಂಕುಳಲ್ಲಿತ್ತು. ಒಂದು ಸಣ್ಣ ಸಂಗತಿ ಮಾತ್ರ ಇನ್ನೂ ಕೊರೆಯುತ್ತಿತ್ತು.

"ಅಲ್ದೆ ಹೊನ್ನಮ್ಮ, ವಂಶ ಬೇರೆ ಆದ್ಮೇಲೆ ಎರಡೂ ಒಂದೇ ನಮೂನಿ ಕೂಗೂದು ಹೆಂಗೆ?"

"ಒಂದೇ ತಾಯಿ ಮರಿ ಮತ್ತೆ ಹೆಂಗೆ ಕೂಗ್ತವೆ?" ಎಂದಳು ಹೊನ್ನಮ್ಮ. "ಹಳದಿ ಕಾಲಿಂದು ನಿಮ್ಗೆ, ಕಪ್ಪು ಕಾಲಿಂದು ಅವ್ರಿಗೆ, ಎಲ್ಲಾ ನನ್ನ ಮನೆ ಹೇಂಟೆದೇ. ಆ ಫ್ರಿಜ್ಜಿನ ತಣ್ಣನೆ ಮೊಟ್ಟೆ ಎಲ್ಲಾದ್ರೂ ಮರಿ ಆಗ್ತದ್ಯಾ? ಹೇಳಿದ್ರೆ ನಿಮ್ಗೆ ಬೇಜಾರ ಆಗ್ತದೆ ಹೇಳಿ, ನಿಮ್ದು ಅವ್ರದು ಅಷ್ಟೂ ನಾನೇ ಸಾರು ಮಾಡ್ಕಂಡು ಉಂಡೆ."