ಎರಡನೇ ಪಂಕ್ತಿಯ ಎಲೆ

ಇಂದುಮತಿಯ ಅತ್ತೆಗೆ ಮರೆವು ಹೆಚ್ಚಾದಾಗ ಡಾಕ್ಟರು ಹೇಳಿದ್ದರು: "ನೀವಾಗಿ ಹೇಳಿಕೊಡಬೇಡಿ, ಕೇಳಿ. ದಿನವೂ ಅವರೇ ನೆನೆಸಿಕೊಂಡದ್ದು ಮಾತ್ರ ತಲೆಯಲ್ಲಿ ಉಳಿಯುತ್ತದೆ."

ಅಂದಿನಿಂದ ಮಗ ದಿನಾ ಬೆಳಗ್ಗೆ ತಾಯಿಯ ಕಾಲ ಬಳಿ ಕೂತು ಕೇಳುತ್ತಿದ್ದ. "ಅಮ್ಮಾ, ನಾನು ಯಾರು ಹೇಳು?"

"ಯಾರಪ್ಪಾ ನೀನು? ಕರೆಂಟ್ ಬಿಲ್ಲಿನವನಾ?"

ಅವನ ಕಣ್ಣು ತುಂಬಿತು. ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ತೋರಿಸಿದ. "ಹೋಗಲಿ, ಇವಳು?"

"ಇವಳಾ! ಇಂದುಮತಿ. ಬೀಗಿತ್ತಿ ಅನ್ನೋದನ್ನೂ ನೋಡದೆ ಮದುವೆಯಲ್ಲಿ ನನಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿಸಿದ ಆ ಅಶ್ವತ್ಥಯ್ಯನ ಮಗಳು. ಹಾಳಾಗಿ ಹೋಗಲಿ!"

ಇಂದುಮತಿ ಬಟ್ಟಲನ್ನು ಕೆಳಗಿಟ್ಟಳು. "ಇಪ್ಪತ್ತು ವರ್ಷ ಆಯ್ತು ಅತ್ತೇ. ಇನ್ನೂ ಮರೆತಿಲ್ವಾ?"

"ಹೇಗೆ ಮರೀಲಿ? ದಿನಾ ಮಲಗೋ ಮುಂಚೆ ನೆನೆಸಿಕೊಂಡು ಶಾಪ ಹಾಕ್ತೀನಿ."

ಅವಳ ಗಂಡ ಹುಟ್ಟಿದಂದಿನಿಂದ ತಾಯಿಗೆ ಒಂದು ಮಾತು ಎದುರಾಡಿದವನಲ್ಲ.

ಮರುದಿನ ಬೆಳಗ್ಗೆ ಅವನು ತಾಯಿಯ ಕೈಯಿಂದ ಗಂಜಿಯ ಬಟ್ಟಲನ್ನು ಕಸಿದು ಅಂಗಳಕ್ಕೆ ಎಸೆದು, "ನನ್ನ ಹೆಸರು ಶ್ರೀಪತಿ! ಏನ್ ಮಾಡ್ಕೋತೀಯೋ ಮಾಡ್ಕೋ!" ಎಂದು ಕೂಗಿದ.