ಗೆದ್ದವಳ ವಿಳಾಸ

ಇಂಗ್ಲೆಂಡಿನ ಆ ಪಟ್ಟಣದ ಕೌನ್ಸಿಲ್ ಚುನಾವಣೆಯಲ್ಲಿ ಒಂದೇ ವಾರ್ಡಿಗೆ ದಾವಣಗೆರೆ ಕಡೆಯ ಇಬ್ಬರು ಎದುರಾಳಿಗಳಾಗಿ ನಿಂತಿದ್ದರು. ತಿಪ್ಪೇಶ ಸೋತ, ವನಮಾಲಾ ಗೆದ್ದಳು.

ಪ್ರಚಾರದ ಕೊನೆಯ ವಾರ ವನಮಾಲಾಳ ಕಣ್ಣು ಬಾತು ನೀಲಿಗಟ್ಟಿತ್ತು. ಮುಸುಕು ಹಾಕಿದವನೊಬ್ಬ ಬೀದಿಯಲ್ಲಿ ಅಡ್ಡಗಟ್ಟಿ ಹೊಡೆದನೆಂದು ಅವಳ ಗಂಡ ಜಯದೇವ ಪತ್ರಿಕೆಯವರಿಗೆ ಹೇಳಿದ. ಹೊಡೆಸಿದ್ದು ತಿಪ್ಪೇಶನೇ ಎಂದು ಊರೆಲ್ಲ ಗುಸುಗುಸು. ತಾನಲ್ಲ ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅವನ ಹೆಂಡತಿ ಕೂಡ ಒಂದು ದಿನ, "ನಿಜ ಹೇಳ್ರೀ, ನೀವಲ್ಲ ತಾನೇ?" ಎಂದು ಕೇಳಿದ್ದಳು.

ಮತ ಎಣಿಕೆಯ ಸಭಾಂಗಣದಲ್ಲಿ ಫಲಿತಾಂಶ ಘೋಷಣೆಯಾದ ಕೂಡಲೇ ತಿಪ್ಪೇಶ ವನಮಾಲಾಳನ್ನು ಅಭಿನಂದಿಸಲು ಹೋದ. ನಡುವೆ ನುಗ್ಗಿದ ಜಯದೇವ ಅವನ ಕೊರಳಪಟ್ಟಿ ಹಿಡಿದು ಮುಖಕ್ಕೆ ಗುದ್ದಿದ.

"ಯುಗಾದಿಗೆ ನಮ್ಮನೇಲಿ ಹೋಳಿಗೆ ಉಂಡು, ನನ್ನ ಹೆಂಡ್ತಿಗೇ ಹೊಡೆಸ್ತೀಯೇನೋ!"

ಬಿದ್ದವನ ಪಕ್ಕೆಗೆ ಮತ್ತೆ ಮತ್ತೆ ಒದ್ದ. ತಿಪ್ಪೇಶನ ಹಲ್ಲು ಮುರಿದು ಬಾಯಿ ತುಂಬ ರಕ್ತವಾಯಿತು. ಪೊಲೀಸರು ಜಯದೇವನನ್ನು ಎಳೆದು ಗೋಡೆಗೆ ಒತ್ತಿ ಹಿಡಿದರು.

ಚುನಾವಣಾಧಿಕಾರಿ ವನಮಾಲಾಳ ಬಳಿಗೆ ಬಂದರು.

"ಜೀವಭಯವಿರುವ ಸದಸ್ಯರ ಮನೆ ವಿಳಾಸವನ್ನು ನಾವು ಪ್ರಕಟಿಸುವುದಿಲ್ಲ. ನಿಮ್ಮದನ್ನೂ ಗುಟ್ಟಾಗಿ ಇಡೋಣವೇ?"

"ಇಡಿ. ಇವತ್ತೇ ಮನೆ ಬದಲಾಯಿಸುತ್ತಿದ್ದೇನೆ."

"ನಿಮಗೆ ಯಾರಿಂದ ಭಯ?"

ನೆಲದ ಮೇಲೆ ಬಿದ್ದಿದ್ದ ತಿಪ್ಪೇಶ, ತನ್ನ ಹೆಸರೇ ಬರುತ್ತದೆಂದು ಕಣ್ಣು ಮುಚ್ಚಿದ.

"ನನ್ನ ಗಂಡನಿಂದ" ಎಂದಳು ವನಮಾಲಾ.